ಮುನಿಯಮ್ಮನ ಜೊತೆ ರಾಕ್ ಅಂಡ್ ರೋಲ್

ವೈಟ್‌ಫೀಲ್ಡ್‌ನ ತಣ್ಣನೆಯ ಸಭಾಂಗಣದಲ್ಲಿ ನನ್ನ ಪಕ್ಕ ಸೆರಗು ಹೊದ್ದು ಕೂತಿದ್ದವರು ಮುನಿಯಮ್ಮ. ವರ್ತೂರಿನಲ್ಲಿ ನನ್ನ ಗೆಳೆಯ ಸುರೇಶ ಬಾಡಿಗೆಗಿರುವ ಮನೆಯ ಒಡತಿ. ಸಂಗೀತ ನಾಟಕದ ತಾಲೀಮೆಂದು ಅವನು ಬೆಳಗಾದರೆ ತಾರಸಿಯಲ್ಲಿ ಕಿರುಚುವುದನ್ನು ಕೇಳಲಾರದೆ, ಮನೆ ಖಾಲಿ ಮಾಡು ಅಂದುಬಿಟ್ಟಿದ್ದರು. ಒಮ್ಮೆ ನೋಡಿದರೆ ಮನಸ್ಸು ಕರಗೀತೆಂದು ಅವನು ಪಾಸು ಕೊಟ್ಟು, ದಾವಣಗೆರೆಯಿಂದ ಬಂದಿದ್ದ ನನ್ನನ್ನು ಜೊತೆಗೆ ಕಳಿಸಿದ್ದ.

ಅಮೆರಿಕದ ಮೊದಮೊದಲ ರಾಕ್ ಅಂಡ್ ರೋಲ್ ತಾರೆಯರ ಕಥೆ. ಹಣೆಯ ಮೇಲೆ ಕೂದಲಿನ ಗೋಪುರ ಕಟ್ಟಿಕೊಂಡ ಸುರೇಶ, ಗಿಟಾರ್ ಸಮೇತ ಮಂಡಿಯೂರಿ ವೇದಿಕೆಯುದ್ದಕ್ಕೂ ಜಾರಿದ.

"ಅಯ್ಯೋ, ಮಂಡಿ ಕಿತ್ತೋಯ್ತದೆ ಕಣೋ!" ಅಂದರು ಮುನಿಯಮ್ಮ.

ಕೊನೆಗೆ ಸುರೇಶ ಆಡುತ್ತಿದ್ದ ಪಾತ್ರದ ಗಾಯಕ ವಿಮಾನ ಅಪಘಾತದಲ್ಲಿ ಸತ್ತ ಸುದ್ದಿ ಬಂತು. ಇಂಗ್ಲಿಷ್ ಬಾರದ ಮುನಿಯಮ್ಮನಿಗೆ ನಾನು ಕಿವಿಯಲ್ಲಿ ಹೇಳಿದೆ. ಅವರು ಬಿಕ್ಕಿದರು. "ಇಂಥಾ ಉಡ್ಗನ್ನ ಬೈದ್ಬಿಟ್ಟೆನಲ್ಲಪ್ಪಾ!"

ಅಷ್ಟರಲ್ಲಿ ನಾಟಕ ಮುಗಿದು, ಚಪ್ಪಾಳೆಯ ನಡುವೆ ಸತ್ತವನು ನಗುತ್ತ ಬಂದು ಕೈಮುಗಿದ. ಮುನಿಯಮ್ಮ ಎದ್ದು ನಿಂತು ಕೂಗಿದರು: "ಸುರೇಸಾ, ಮನೆ ಬಿಡ್ಬೇಡ! ಆದ್ರೆ ಬೆಳಗ್ಗೆ ಏಳು ಗಂಟೆ ಆದ್ಮೇಲೆ ಕಿರುಚು!"

ಇದೂ ನಾಟಕದ್ದೇ ಮಾತೆಂದುಕೊಂಡು ಜನ ಮತ್ತೆ ಜೋರಾಗಿ ಚಪ್ಪಾಳೆ ತಟ್ಟಿದರು. ಮುನಿಯಮ್ಮ ನಾಲ್ಕೂ ದಿಕ್ಕಿಗೆ ತಿರುಗಿ ನಮಸ್ಕಾರ ಮಾಡಿದರು.