ಬೆಳಕು ವಿಂಗಡಿಸುವ ಅನುಮಾನಪ್ಪ

ಕಚೇರಿಯವರು ಪ್ರೀತಿಯಿಂದ ಅನುಮಾನಪ್ಪ ಎಂದು ಕರೆಯುವ ಇವರ ಕೆಲಸ, ವಿಶ್ವದ ಎಳೆವಯಸ್ಸಿನ, ಬಹುದೂರದ ಗೆಲಾಕ್ಸಿಗಳ ಬೆಳಕನ್ನು ಪರದೆಯ ಮೇಲೆ ನೋಡಿ, ಇದು ಹೊಸ ನಕ್ಷತ್ರಗಳದ್ದು, ಇದು ಕಪ್ಪುಕುಳಿಯ ಸುತ್ತಲಿನದ್ದು, ಇದು ದೂರದ್ದೇ ಅಲ್ಲ, ಹತ್ತಿರದ್ದು ಎಂದು ವಿಂಗಡಿಸುವುದು. ಬೆಳಕಿನ ಗೆರೆಯೊಂದು ಎದ್ದು ಕಂಡರೆ ಕನ್ನಡಕ ಹಾಕಿ ನೋಡುತ್ತಾರೆ, ತೆಗೆದು ನೋಡುತ್ತಾರೆ, ಕೊನೆಗೆ ಕನ್ನಡಕವನ್ನೇ ಅನುಮಾನಿಸುತ್ತಾರೆ. ಮನೆಯಲ್ಲಿ ಒಗೆದ ಬಟ್ಟೆ ಮಡಿಸಲು ಕೂತರೂ ಅರ್ಧ ರಾಶಿ ಯಾರದೆಂದು ತೀರ್ಮಾನವಾಗದೆ ಉಳಿಯುತ್ತದೆ. "ರೀ, ಅದು ನಿಮ್ಮದೇ ಅಂಗಿ ಕಣ್ರೀ!" ಎಂದು ಹೆಂಡತಿ ಕೂಗಿದರೆ, "ಇರಬಹುದು, ಇನ್ನೊಂದ್ಸಲ ನೋಡೋಣ" ಎನ್ನುತ್ತಾರೆ. ಕಚೇರಿಯಲ್ಲೂ ಇವರ 'ಗೊತ್ತಿಲ್ಲ' ಪಟ್ಟಿ ಉಳಿದೆಲ್ಲ ಪಟ್ಟಿಗಳಿಗಿಂತ ಉದ್ದ. "ಸಂಜೆಯೊಳಗೆ ಅದನ್ನ ಖಾಲಿ ಮಾಡಿ, ಇಲ್ಲಾಂದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ" ಎಂದು ಮೇಲಧಿಕಾರಿ ಇವತ್ತು ಸಿಡುಕಿದರು. ಅನುಮಾನಪ್ಪನವರು ತಲೆ ಕೆರೆದುಕೊಂಡರು. ಹಿಂದೊಮ್ಮೆ ಅವಸರದಲ್ಲಿ ದೂರದ ಗೆಲಾಕ್ಸಿಯೊಂದನ್ನು 'ಹತ್ತಿರದ್ದು' ಎಂದು ಬರೆದುಬಿಟ್ಟಿದ್ದರು. ಹಾಗೆ ಬರೆದದ್ದರತ್ತ ದುರ್ಬೀನು ಮತ್ತೆ ಕಣ್ಣೆತ್ತಿ ನೋಡುವುದಿಲ್ಲ. 'ಗೊತ್ತಿಲ್ಲ' ಎಂದಿದ್ದರೆ ಅದಕ್ಕೆ ಇನ್ನೊಂದು ಸರದಿ ಸಿಗುತ್ತಿತ್ತು. ಸಂಜೆ ಪಟ್ಟಿ ಮೇಲಧಿಕಾರಿಯ ಮೇಜಿಗೆ ಬಂತು. ಒಂದು ಗೆಲಾಕ್ಸಿಯೂ ಕಡಿಮೆಯಾಗಿರಲಿಲ್ಲ. ಒಂದೊಂದು 'ಗೊತ್ತಿಲ್ಲ'ದ ಪಕ್ಕದಲ್ಲೂ ಅನುಮಾನಪ್ಪನವರು ಪೂರ್ತಿ ಸಹಿ ಹಾಕಿದ್ದರು.