ಮಷಿನಕ್ಕ ಹೇಳಿದ ಒಂದೇ ಸುಳ್ಳು

ಬೀದಿಯವರಿಗೆಲ್ಲ ಅವಳು ಮಷಿನಕ್ಕ. ಗಂಡ ಸತ್ತ ಮೇಲೆ ಹೊಲಿಗೆ ಮಷಿನ್ನೇ ಅವಳಿಗೆ ಗಂಡ, ಮಗ, ಅನ್ನ ಎಲ್ಲ. ಬಾಯಿ ಮಾತ್ರ ಕತ್ತರಿಗಿಂತ ಚುರುಕು. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡರೆ, "ಉಸಿರು ಬಿಡಿ ಸಾರ್, ಮನೆಗೆ ಹೋದ್ಮೇಲಾದ್ರೂ ಬಿಡ್ಲೇಬೇಕಲ್ಲ," ಎನ್ನುವಳು. ಸುಳ್ಳು ಅವಳ ಜಾಯಮಾನಕ್ಕೇ ಒಗ್ಗದ್ದು.

ಪಕ್ಕದ ಮನೆಯ ಹುಡುಗಿ ಅವಳಿಗೆ ಕಾಜಾ ಹೊಲಿದುಕೊಡುತ್ತಿದ್ದಳು. ಗುಂಡಿ ತೂರಿಸುವ ತೂತಿನ ಸುತ್ತ ದಾರ ಹಾಕುವ ಆ ಕೆಲಸಕ್ಕೆ ಕಣ್ಣೂ ಬೇಕು, ತಾಳ್ಮೆಯೂ ಬೇಕು. ಹುಡುಗಿಗೆ ಎರಡೂ ಇದ್ದವು. ಇಲ್ಲದ್ದು ಒಳ್ಳೆಯ ಗಂಡ. ವ್ಯಾನ್ ಓಡಿಸುವ ಆ ಮಹಾರಾಯ ಬೀದಿಯಲ್ಲಿ ಕಂಡರೆ, "ಊಟ ಆಯ್ತಾ ಅಕ್ಕಾ?" ಎಂದು ಬೆಣ್ಣೆಯಂಥ ಮಾತಾಡುವನು. ಮನೆಯೊಳಗೆ ಕಾಲಿಟ್ಟನೆಂದರೆ ಇಬ್ಬರ ಮನೆಯ ನಡುಗೋಡೆ ಅದುರುತ್ತಿತ್ತು. ಸದ್ದಾದಾಗಲೆಲ್ಲ ಮಷಿನಕ್ಕ ಪೆಡಲ್ ನಿಲ್ಲಿಸಿ ಕಿವಿಗೊಡುವಳು. ಮರುದಿನ ಹುಡುಗಿ ಉದ್ದ ತೋಳಿನ ಅಂಗಿ ತೊಟ್ಟು ಬರುವಳು.

"ಬಾಗಿಲು ತಗುಲ್ತು ಅಕ್ಕಾ."

"ನಿಮ್ಮ ಬಾಗಿಲಿಗೆ ಕೈ ಕಾಲು ಬಂದಿರ್ಬೇಕು ಬಿಡು," ಎಂದು ಮಷಿನಕ್ಕ ಹಲ್ಲು ಕಚ್ಚುವಳು.

ಎರಡು ಸಲ ಅವಳು ಪೊಲೀಸರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಒಮ್ಮೆ ಯಾರೂ ಬರಲಿಲ್ಲ. ಇನ್ನೊಮ್ಮೆ ಬಂದ ಪೇದೆ ಆ ಗಂಡನೊಡನೆಯೇ ಟೀ ಕುಡಿದು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮಾ, ನಿಮಗ್ಯಾಕೆ?" ಎಂದು ನಕ್ಕು ಹೋದ. ಅದನ್ನು ನೋಡಿದ ದಿನಸಿ ಅಂಗಡಿಯವನು, "ಹೊಡೀತಾನೆ ಅಂದ್ರೆ ಯಾರು ಬರ್ತಾರೆ? ಗನ್ ಇದೆ ಅನ್ನಿ, ಹಾರ್ಕೊಂಡು ಬರ್ತಾರೆ," ಎಂದ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತೇ ಅದು.

ಒಂದು ಮಧ್ಯಾಹ್ನ ಗೋಡೆಯಾಚೆಯಿಂದ "ಅಕ್ಕಾ!" ಎಂಬ ಕೂಗು ಬಂತು. ಆಮೇಲೆ ಸದ್ದೇ ಇಲ್ಲ. ಏಟಿನ ಸದ್ದಿಗಿಂತ ಆ ಮೌನ ಕೆಟ್ಟದ್ದೆಂದು ಮಷಿನಕ್ಕನಿಗೆ ಗೊತ್ತಿತ್ತು. ಪೊಲೀಸರಿಗೆ ಫೋನ್ ಮಾಡಿ, "ಗನ್ ಹಿಡ್ಕೊಂಡಿದಾನೆ, ಸಾಯಿಸಿಬಿಡ್ತಾನೆ, ಬೇಗ ಬನ್ರಪ್ಪಾ!" ಎಂದಳು.

ಬಂದರು. ಬೀದಿ ತುಂಬ ಬಂದರು. ಗನ್ ಎಂದಮೇಲೆ ಬಾಗಿಲು ತಟ್ಟಿ ಕಾಯುವವರುಂಟೇ? ಒಂದೇ ಏಟಿಗೆ ಒಡೆದರು. ಅಯ್ಯೋ, ಅದೇ ಹೊತ್ತಿಗೆ ಹುಡುಗಿ ತಪ್ಪಿಸಿಕೊಂಡು ಬಂದು ಒಳಗಿನಿಂದ ಅದೇ ಬಾಗಿಲಿನ ಚಿಲಕಕ್ಕೆ ಕೈ ಹಾಕಿದ್ದಳು. ಬಲಗೈ ಮೂಳೆ ಎರಡು ಕಡೆ ಮುರಿಯಿತು. ಮನೆಯನ್ನೆಲ್ಲ ಜಾಲಾಡಿದರೂ ಸಿಕ್ಕಿದ್ದು ತರಕಾರಿ ಹೆಚ್ಚುವ ಚಾಕು.

ಕೇಸು ಬಿದ್ದದ್ದು ಮಷಿನಕ್ಕನ ಮೇಲೆ. ಕೋರ್ಟಿನಲ್ಲಿ ಹುಡುಗಿ ಗಂಡನ ಮುಖ ನೋಡಿಕೊಂಡೇ ಹೇಳಿದಳು: "ಅವರು ನನ್ನ ಮೇಲೆ ಕೈ ಎತ್ತಲ್ಲ. ಗಾಯ ಎಲ್ಲಾ ಬಾಗಿಲಿಂದಾನೇ ಆಗಿದ್ದು."

"ಅವನ ಹತ್ರ ಗನ್ ಇಲ್ಲ ಅಂತ ನಿಮಗೆ ಗೊತ್ತಿತ್ತಾ?" ಎಂದು ನ್ಯಾಯಾಧೀಶರು ಮಷಿನಕ್ಕನನ್ನು ಕೇಳಿದರು.

"ಗೊತ್ತಿತ್ತು ಸ್ವಾಮಿ. ಆದರೆ ಅವನು ಹೊಡೀತಿದ್ದ..."

"ಕೇಳಿದಷ್ಟಕ್ಕೆ ಉತ್ತರ ಕೊಡಿ."

ಸುಳ್ಳು ಕರೆ ಮಾಡಿ ಪೊಲೀಸರನ್ನು ಕರೆಸಿ ಒಬ್ಬಳ ಕೈ ಮುರಿಯಲು ಕಾರಣಳಾದದ್ದಕ್ಕೆ ಆರು ತಿಂಗಳು ಜೈಲು. ಮತ್ತೊಮ್ಮೆ ಮಾಡಿದರೆ ವರ್ಷಗಟ್ಟಲೆ. ಹೊಡೆದವನಿಗೆ? ಸರ್ಕಾರದ ಖರ್ಚಿನಲ್ಲಿ ಹೊಸ ಬಾಗಿಲು. ಥೂ!

ಶಿಕ್ಷೆ ಮುಗಿಸಿ ಬಂದ ವಾರದಲ್ಲೇ ಗೋಡೆ ಮತ್ತೆ ಅದುರಿತು. ಮಷಿನಕ್ಕ ಫೋನ್ ಮುಟ್ಟಲಿಲ್ಲ. ನೇರ ಹೋಗಿ ಆ ಹೊಸ ಬಾಗಿಲನ್ನು ಗುದ್ದಿದಳು. ಗಂಡ ತೆರೆದ. ಬೆವರು ಒರೆಸಿಕೊಂಡು ನಕ್ಕ.

"ಓ, ಬಂದ್ರಾ ಅಕ್ಕಾ! ಊಟ ಆಯ್ತಾ? ಪೊಲೀಸರಿಗೆ ಫೋನ್ ಮಾಡ್ಬೇಕಿತ್ತಾ? ತಗೊಳ್ಳಿ, ನನ್ನ ಫೋನಿಂದಾನೇ ಮಾಡಿ." ಅವನೇ ನಂಬರ್ ಒತ್ತಿ ಅವಳ ಕೈಗಿಟ್ಟ.

ಅವನ ಬೆನ್ನ ಹಿಂದೆ ಹುಡುಗಿ ಗೋಡೆಗೊರಗಿ ಕೂತಿದ್ದಳು. ತುಟಿ ಒಡೆದಿತ್ತು. ಸೊಟ್ಟಗೆ ಕೂಡಿಕೊಂಡ ಬಲಗೈಯ ಬೆರಳು ಮಡಚಲು ಬರುತ್ತಿರಲಿಲ್ಲ. ಆ ಕೈ ಇನ್ನೆಂದೂ ಸೂಜಿ ಹಿಡಿಯುವಂತಿರಲಿಲ್ಲ. ಅದನ್ನೇ ಎತ್ತಿ ಅವಳು ಬೇಡ, ಬೇಡ ಎಂದು ಆಡಿಸಿದಳು.

"ಹಲೋ, ಏನಾಗಿದೆ ಹೇಳಿ," ಎಂದಿತು ಫೋನಿನ ದನಿ.

ಮಷಿನಕ್ಕ ಆ ಸೊಟ್ಟ ಕೈಯನ್ನೇ ನೋಡಿದಳು. "ಏನಿಲ್ಲಪ್ಪಾ," ಎಂದಳು ಕೊನೆಗೆ. "ಏನೂ ಆಗಿಲ್ಲ."

ಮನೆಗೆ ಬಂದು ಮಷಿನ್ನಿಗೆ ಕೂತಳು. ಗೋಡೆಯಾಚೆ ಮತ್ತೆ ಶುರುವಾಯಿತು. ಸೂಜಿಯಲ್ಲಿ ದಾರವಿರಲಿಲ್ಲ, ಕೆಳಗೆ ಬಟ್ಟೆಯೂ ಇರಲಿಲ್ಲ. ಆ ಸದ್ದು ಕೇಳಿಸದ ಹಾಗೆ ಮಷಿನಕ್ಕ ಜೋರಾಗಿ ಪೆಡಲ್ ತುಳಿಯುತ್ತಲೇ ಇದ್ದಳು.