ಸಲಹೆಗಾರರಿಗೆ ತೋರಿಸಿದ ಜಾಲರಿ

ವಿಶೇಷ ಸಲಹೆಗಾರರು ಬರುತ್ತಾರೆಂದು ಗೊತ್ತಾದ ದಿನ ನಮ್ಮ ಕಚೇರಿಯಲ್ಲಿ ಆದ ಮೊದಲ ಕೆಲಸ ಕಕ್ಕಸು ತೊಳೆಸಿದ್ದು. ನಾನು ಅಲ್ಲಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ನಾವು ಹೆಂಗಸರು ಬಾಯಿಬಿಟ್ಟು ಕೇಳಿಕೊಂಡರೂ ಅದಕ್ಕೆ ಒಂದು ಬಾಟಲಿ ಫಿನಾಯಿಲ್ ಸಿಕ್ಕಿರಲಿಲ್ಲ.

ಆಗ ನಾನು ತುಮಕೂರಿನಲ್ಲಿ ಟೈಪಿಸ್ಟ್. ಕಾರ್ಖಾನೆ, ಮಿಲ್ಲುಗಳಲ್ಲಿ ಕಾನೂನು ಪಾಲಿಸುತ್ತಿದ್ದಾರೆಯೇ ಎಂದು ನೋಡುವುದು ಕಚೇರಿಯ ಕೆಲಸ. ನೋಡಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ಬೀದಿಗೊಂದು ಎಸ್‌ಟಿಡಿ ಬೂತು ಇದ್ದು, ಮೊಬೈಲು ನಮ್ಮ ಸಾಹೇಬರ ಜೇಬಿನಲ್ಲಿ ಮಾತ್ರ ಇದ್ದ ಕಾಲ. ಕಾರ್ಮಿಕ ಕಾನೂನುಗಳನ್ನು ಸುಧಾರಿಸುವುದು ಹೇಗೆಂದು ಹೇಳಲು ಸರ್ಕಾರ ಈ ಸಲಹೆಗಾರರನ್ನು ನೇಮಿಸಿಕೊಂಡಿತ್ತು. ಚುನಾವಣೆಗೆ ನಿಂತವರಲ್ಲ, ಪರೀಕ್ಷೆ ಬರೆದು ಬಂದವರಲ್ಲ, ಆದರೂ ಮಂತ್ರಿಯ ದರ್ಜೆ, ಕೆಂಪು ದೀಪದ ಕಾರು. ಇನ್ಸ್‌ಪೆಕ್ಟರುಗಳು ಹೇಳದೆ ಕೇಳದೆ ಮಿಲ್ಲಿಗೆ ನುಗ್ಗುವುದು ನಿಲ್ಲಬೇಕು, ಎಲ್ಲ ಸರಿಯಾಗಿದೆ ಎಂದು ಮಾಲೀಕರೇ ಬರೆದುಕೊಟ್ಟರೆ ಸಾಕು ಎಂಬುದು ಅವರ ವಾದ. ನಮ್ಮ ಇನ್ಸ್‌ಪೆಕ್ಟರುಗಳೇನೂ ಸಾಚಾಗಳಲ್ಲ. ತಪಾಸಣೆಗೆ ಹೋದ ಜೀಪು ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಎಳನೀರಿನ ಗೊನೆ ಇರುತ್ತಿತ್ತು. ಆದರೂ ಆ ಜೀಪಿನ ಸದ್ದಿಗೆ ಮಾಲೀಕರು ಒಂದಿಷ್ಟಾದರೂ ಹೆದರುತ್ತಿದ್ದರು.

ಸಲಹೆಗಾರರು ಬರುವ ಒಂದು ತಿಂಗಳ ಮುಂಚೆ ಸಿ.ಎಸ್. ಪುರದ ಕಡೆಯ ಹೆಂಗಸೊಬ್ಬಳು ನಮ್ಮ ಕಚೇರಿಗೆ ಬಂದಿದ್ದಳು. ಅಲ್ಲಿನ ನಾರಿನ ಮಿಲ್ಲಿನಲ್ಲಿ ತೆಂಗಿನ ಸಿಪ್ಪೆಯನ್ನು ಯಂತ್ರದ ಬಾಯಿಗೆ ಕೈಯಿಂದ ತುರುಕುವುದು ಅವಳ ಕೆಲಸ. ಒಳಗೆ ಮೊಳೆಗಳಿರುವ ಉರುಳೆ ಗಿರ್ರನೆ ತಿರುಗಿ ಸಿಪ್ಪೆಯನ್ನು ಸಿಗಿಯುತ್ತದೆ. ಆ ಬಾಯಿಗೆ ಕಬ್ಬಿಣದ ಜಾಲರಿ ಇರಲೇಬೇಕೆಂದು ಕಾನೂನಿದೆ. ಜಾಲರಿ ಇದ್ದರೆ ಸಿಪ್ಪೆ ನಿಧಾನವಾಗಿ ಒಳಗೆ ಹೋಗುತ್ತದೆ, ಹಾಗಾಗಿ ಯಾರೂ ಹಾಕುತ್ತಿರಲಿಲ್ಲ. ಜೊತೆಗೇ ಕೆಲಸ ಮಾಡುತ್ತಿದ್ದ ಅವಳ ಓರಗಿತ್ತಿಯ ಎರಡು ಬೆರಳು ಹೋಗಿದ್ದವು.

“ಇನ್ನೇನೂ ಬ್ಯಾಡ ಕಣಕ್ಕ, ಒಂದ್ ಜಾಲ್ರಿ ಹಾಕ್ಸಿಕೊಡಿ. ಮುದ್ದೆ ಕಟ್ಟಕ್ಕೆ ಎರಡು ಕೈಯೂ ಬೇಕಲ್ವಾ?” ಎಂದಳು.

“ಹಾಕುಸ್ತಾರೆ, ಹೋಗಮ್ಮ” ಎಂದು ಅರ್ಜಿ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಫೈಲಿಗೆ ಸೇರಿಸಿದೆ. ನನಗೆ ಅವಳ ಮೇಲೆ ಕನಿಕರವಿತ್ತು. ಆ ಕನಿಕರ ಎಷ್ಟು ಅಗ್ಗದ್ದೆಂದು ಆಗ ಗೊತ್ತಿರಲಿಲ್ಲ.

ಸಲಹೆಗಾರರ ಭೇಟಿಯ ಹಿಂದಿನ ದಿನ ಸಾಹೇಬರು ಕರೆದು, “ಎರಡು ನಾರಿನ ಮಿಲ್ಲಿಗೂ ಫೋನ್ ಮಾಡಮ್ಮ. ನಾಳೆ ಸರ್‌ಪ್ರೈಸ್ ವಿಸಿಟ್ ಇದೆ, ಸಿ.ಎಸ್. ಪುರದೋರು ಹತ್ತು ಗಂಟೆಗೆ, ಅಮೃತೂರಿನೋರು ಮೂರು ಗಂಟೆಗೆ ರೆಡಿ ಇರ್ಬೇಕಂತೆ ಅಂತ ಹೇಳು” ಎಂದರು. ಹೇಳುವಾಗ ಅವರೂ ನಗಲಿಲ್ಲ, ಕೇಳುವಾಗ ನಾನೂ ನಗಲಿಲ್ಲ. ಎರಡೂ ಕಡೆಗೆ ಫೋನ್ ಮಾಡಿದೆ. ಹೆಂಗಸರನ್ನು ಮಾತಾಡಿಸಲು ಹೆಂಗಸೊಬ್ಬಳು ಇರಲಿ ಎಂದು ಮರುದಿನ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು.

ಸಿ.ಎಸ್. ಪುರದ ಮಿಲ್ಲಿನ ಅಂಗಳಕ್ಕೆ ನೀರು ಚಿಮುಕಿಸಿದ್ದರು. ಯಂತ್ರದ ಬಾಯಿಗೆ ಹಸಿರು ಬಣ್ಣದ ಹೊಸ ಜಾಲರಿ. ಬಣ್ಣ ಇನ್ನೂ ಹಸಿಯಾಗಿತ್ತು. ಆ ಹೆಂಗಸು ನನ್ನನ್ನು ಕಂಡವಳೇ ಓಡಿ ಬಂದು, “ಅಕ್ಕಾ, ನೀವೇಳ್ದಂಗೇ ಮಾಡ್ಸಿಬುಟ್ರಿ! ಬೆಳಿಗ್ಗೆ ತಾನೇ ಕೂರ್ಸವ್ರೆ” ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಇಲ್ಲ ಎನ್ನಲಿಲ್ಲ. ಒಳ್ಳೆಯ ಹೆಸರು ಪುಕ್ಕಟೆ ಬಂದರೆ ಯಾರು ಬೇಡ ಎನ್ನುತ್ತಾರೆ?

“ನೋಡಿದ್ರಾ? ಯಾರೂ ಬೆತ್ತ ಹಿಡ್ಕೊಂಡು ನಿಂತಿಲ್ಲ, ಮಾಲೀಕರೇ ಮಾಡಿದ್ದಾರೆ. ಇದೇ ನಾನು ಸರ್ಕಾರಕ್ಕೆ ಹೇಳ್ತಿರೋದು” ಎಂದರು ಸಲಹೆಗಾರರು, ಕರ್ಚೀಫು ಮೂಗಿಗೆ ಒತ್ತಿಕೊಂಡು. ಫೋಟೋದವನು ಯಾರಾದರೂ ಕೆಲಸದವರು ಪಕ್ಕದಲ್ಲಿ ನಿಲ್ಲಲಿ ಎಂದ. ಅವಳ ಭುಜ ಹಿಡಿದು ನಿಲ್ಲಿಸಿದವಳು ನಾನು. ಜಾಲರಿಯ ಮೇಲೆ ಕೈ ಇಡು ಎಂದವಳೂ ನಾನೇ. ನಗು ಎಂದು ಮಾತ್ರ ಹೇಳಬೇಕಾಗಲಿಲ್ಲ. ಫೋಟೋ ಆದ ಮೇಲೆ ಅಂಗೈಗೆ ಮೆತ್ತಿದ ಹಸಿರು ನೋಡಿಕೊಂಡು ಇನ್ನೂ ನಕ್ಕಳು.

ಊಟ ಕುಣಿಗಲ್ಲಿನ ಬಂಗಲೆಯಲ್ಲಿ. ಸಲಹೆಗಾರರಿಗೆ ಜನಸಾಮಾನ್ಯರ ಊಟವೇ ಆಗಬೇಕಂತೆ. ಮುದ್ದೆಯನ್ನು ಅಗಿದು ಅಗಿದು, ಹಲ್ಲಿಗೆ ಅಂಟಿದ್ದನ್ನು ನಾಲಗೆಯಿಂದ ಕೆರೆಯುತ್ತಾ, ದುಡಿಯುವ ಜನರ ಘನತೆಯ ಬಗ್ಗೆ ಮಾತಾಡಿದರು. ನಮ್ಮ ಸಾಹೇಬರು ಪ್ರತಿ ತುತ್ತಿಗೂ ತಲೆಯಾಡಿಸಿದರು.

ಮೂರು ಗಂಟೆಗೆ ಅಮೃತೂರಿನ ಮಿಲ್ಲು. ಅಲ್ಲಿಯೂ ಯಂತ್ರದ ಬಾಯಿಗೆ ಹಸಿರು ಜಾಲರಿ. ಗೋಡೆಯ ಪಕ್ಕ ಒಂದು ಲಗೇಜ್ ಆಟೋ ನಿಂತಿತ್ತು, ಅದರ ಹಲಗೆಯ ಮೇಲೆಲ್ಲ ಹಸಿರು ಕಲೆ. ಹತ್ತಿರ ಹೋಗಿ ನೋಡಿದೆ. ಜಾಲರಿಯ ಮೇಲಂಚಿನ ತಗಡಿನಲ್ಲಿ ಒಂದು ಅಂಗೈ ಗುರುತು ಅರ್ಧ ಒಣಗಿ ಮೂಡಿತ್ತು, ಐದು ಬೆರಳೂ ಎಣಿಸುವ ಹಾಗೆ. ನಾವು ಊಟಕ್ಕೆ ಕೂತಿದ್ದಾಗ ಅದನ್ನು ಅಲ್ಲಿ ಬಿಚ್ಚಿ ಇಲ್ಲಿ ಕೂರಿಸಿದ್ದರು. ಅಲ್ಲಿ ಅವಳ ಕಣ್ಣೆದುರಿಗೇ ಬಿಚ್ಚಿರಬೇಕು.

ನಾನು ಸಾಹೇಬರ ಮುಖ ನೋಡಿದೆ. ಅವರು ಸೀಲಿಂಗ್ ನೋಡಿದರು. “ಎಲ್ಲಾ ಕಡೆ ಒಂದೇ ನಮೂನೆ! ಸ್ಟ್ಯಾಂಡರ್ಡ್ ಮೇಂಟೇನ್ ಮಾಡಿದ್ದಾರೆ” ಎಂದರು ಸಲಹೆಗಾರರು. ಅವರಿಗೆ ಗೊತ್ತಾಯಿತೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಗೊತ್ತಾಗಿಲ್ಲವೆಂದರೆ ಅವರು ದಡ್ಡರು, ಗೊತ್ತಾಗಿತ್ತೆಂದರೆ ನೀಚರು. ಎರಡರಲ್ಲಿ ಯಾವುದಾದರೂ ನನಗೆ ಹೇಸಿಗೆಯೇ. ಆದರೆ ಎಲ್ಲ ಗೊತ್ತಿದ್ದೂ ಜೀಪು ಹತ್ತಿ ತುಮಕೂರಿಗೆ ಬಂದು, ಮಾಲೀಕರು ಸ್ವಇಚ್ಛೆಯಿಂದ ಸುರಕ್ಷತಾ ಜಾಲರಿ ಅಳವಡಿಸಿರುವುದು ಕಂಡುಬಂದಿದೆ ಎಂದು ಟೈಪ್ ಮಾಡಿದವಳನ್ನು ಏನೆಂದು ಕರೆಯಬೇಕು?

ಸಲಹೆಗಾರರ ವರದಿ ಅಚ್ಚಾಗಿ ಬಂತು. ರಕ್ಷಾಪುಟದ ಮೇಲೆ ನಗುತ್ತಿರುವ ಅವಳದೇ ಫೋಟೋ.

ಮುಂದಿನ ಬೇಸಿಗೆಯಲ್ಲಿ ಅವಳ ಬಲಗೈಯ ಹೆಬ್ಬೆಟ್ಟೂ ಸೇರಿ ಮೂರು ಬೆರಳು ಯಂತ್ರಕ್ಕೆ ಹೋದವು. ಪರಿಹಾರದ ಅರ್ಜಿ ಹಾಕಿದಳು. ವಿಚಾರಣೆಯ ದಿನ ಅಧಿಕಾರಿಯ ಪಕ್ಕ ಹೇಳಿಕೆ ಟೈಪ್ ಮಾಡಲು ಕೂತಿದ್ದವಳು ನಾನು. ಮಾಲೀಕರ ವಕೀಲರು ಆ ವರದಿಯನ್ನು ಮೇಜಿನ ಮೇಲಿಟ್ಟರು. ಬೇಕೆಂದೇ ಜಾಲರಿ ತೆಗೆದು ಕೆಲಸ ಮಾಡಿ ಗಾಯವಾದರೆ ಮಾಲೀಕನ ಹೊಣೆಯಿಲ್ಲ ಎಂದು ಕಾನೂನೇ ಹೇಳುತ್ತದೆ. ಜಾಲರಿ ಇತ್ತೆಂಬುದಕ್ಕೆ ಸರ್ಕಾರದ ವರದಿಯೇ ಸಾಕ್ಷಿ, ಇದ್ದದ್ದು ಈಕೆಗೆ ಗೊತ್ತಿತ್ತೆಂಬುದಕ್ಕೆ ಫೋಟೋ ಸಾಕ್ಷಿ, ಆದ್ದರಿಂದ ತೆಗೆದವಳು ಈಕೆಯೇ ಎಂದು ವಾದಿಸಿದರು.

“ನಾನ್ ತೆಗೀಲಿಲ್ಲ ಸ್ವಾಮಿ. ಫೋಟೋ ಹಿಡ್ದು ಅರ್ಧ ಗಂಟೆಗೇ ಬಿಚ್ಚಿ ಆಟೋದಲ್ಲಿ ಹಾಕ್ಕೊಂಡೋದ್ರು. ಆ ಅಕ್ಕ ಇದ್ರು ಅವತ್ತು, ಅವರನ್ನೇ ಕೇಳಿ” ಎಂದು ಅವಳು ಕಟ್ಟು ಹಾಕಿದ ಕೈಯನ್ನು ನನ್ನ ಕಡೆ ಚಾಚಿದಳು.

ಅಧಿಕಾರಿ ನನ್ನತ್ತ ತಿರುಗಿದರು. ಬಾಗಿಲ ಬಳಿ ನಮ್ಮ ಸಾಹೇಬರು ನಿಂತಿದ್ದರು. ಆ ವಾರವಷ್ಟೇ ವರ್ಗಾವಣೆ ಪಟ್ಟಿಯ ಮಾತು ಎದ್ದಿತ್ತು. ಶೆಟ್ಟಿಹಳ್ಳಿಯಲ್ಲಿ ನಾವು ಕಟ್ಟಿಸುತ್ತಿದ್ದ ಮನೆಗೆ ಇನ್ನೂ ಸಜ್ಜಾ ಬಿದ್ದಿರಲಿಲ್ಲ.

“ಫೋಟೋ ತೆಗ್ದಿದ್ದು ನೋಡಿದೀನಿ ಸರ್. ಆಮೇಲಿಂದು ನಂಗೆ ಗೊತ್ತಿಲ್ಲ” ಎಂದೆ.

ಅವಳ ಹೇಳಿಕೆಯನ್ನು ಟೈಪ್ ಮಾಡಿ ಮುಗಿಸಿ, ಕಾಗದ ಎಳೆದು, ಇಂಕ್ ಪ್ಯಾಡಿನ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ. ಅವಳು ಪ್ಯಾಡನ್ನು ನೋಡಿದಳು, ನನ್ನನ್ನು ನೋಡಿದಳು.

“ಯಾವ ಕೈದು ಒತ್ಲಿ, ಮೇಡಂ?” ಎಂದು ಕೇಳಿದಳು.